ಯಾರನ್ನು ಆರಿಸಬೇಕಿತ್ತು?

ಫೆಬ್ರುವರಿಯಲ್ಲಿ ಸೂಪರ್ ಬೌಲ್ ಫೈನಲ್ ಮುಗಿದರೆ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್‌ನಲ್ಲಿ ಲೆಕ್ಕಕ್ಕೆ ಬರುವ ಮುಂದಿನ ಪಂದ್ಯ ಸೆಪ್ಟೆಂಬರ್‌ಗೇ. ನಡುವಿನ ತಿಂಗಳುಗಳಲ್ಲಿ ಚೆಂಡು ಸುಮ್ಮನಿರುತ್ತದೆ, ಅಭಿಮಾನಿಗಳ ಬಾಯಿ ಸುಮ್ಮನಿರುವುದಿಲ್ಲ. ಏಪ್ರಿಲ್ ಕೊನೆಯ ಡ್ರಾಫ್ಟ್ ಅದಕ್ಕೆ ವರ್ಷವಿಡೀ ಸಾಲುವಷ್ಟು ಮೇವು ಒದಗಿಸುತ್ತದೆ. ಈ ಬಾರಿಯ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಕನ್ನಡ ಮನೆಗಳಿಂದ ಬಂದಿವೆ, ಒಂದೆರಡು ಇಲ್ಲಿಂದಲೇ. ಬೈಗುಳಗಳನ್ನು ತೆಗೆದು ಉಳಿದದ್ದನ್ನು ಅಚ್ಚು ಮಾಡಿದ್ದೇವೆ.

ಪ್ರಶ್ನೆ: ಮಗನ ಮನೆಗೆಂದು ಮೈಸೂರಿನಿಂದ ಬಂದು ಕೊಲಂಬಸ್‌ನಲ್ಲಿದ್ದೇನೆ. ಏಪ್ರಿಲ್‌ನಲ್ಲಿ ಗುರುವಾರ ರಾತ್ರಿಯಿಂದ ಶನಿವಾರದವರೆಗೆ ಮಗ, ಮೊಮ್ಮಗ ಇಬ್ಬರೂ ಟಿವಿ ಬಿಟ್ಟು ಏಳಲಿಲ್ಲ. ಆಟವಾದರೂ ಇದೆಯೇ ಅಂದರೆ ಅದೂ ಇಲ್ಲ. ಕೋಟು ಹಾಕಿದವರೊಬ್ಬರು ಬಂದು ಚೀಟಿ ನೋಡಿ ಹೆಸರು ಓದುತ್ತಾರೆ, ಇವರು ಹಣೆ ಚಚ್ಚಿಕೊಳ್ಳುತ್ತಾರೆ. ಊಟಕ್ಕೆ ಕರೆದರೆ "ಇನ್ನು ನಾಲ್ಕೇ ಪಿಕ್ ಅಮ್ಮಾ" ಅನ್ನುತ್ತಾನೆ. ಏನಪ್ಪಾ ಇದು?

ಅಮ್ಮಾ, ಅದು ಹೊಸ ಹುಡುಗರನ್ನು ತಂಡಗಳಿಗೆ ಹಂಚುವ ಕಾರ್ಯಕ್ರಮ. ಕಾಲೇಜಿನಲ್ಲಿ ಆಡಿ ಬಂದವರನ್ನು 32 ತಂಡಗಳು ಸರದಿಯಂತೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಒಟ್ಟು ಏಳು ಸುತ್ತು. 2024ರಲ್ಲೂ 2025ರಲ್ಲೂ 257 ಹುಡುಗರ ಹೆಸರು ಓದಿದರು. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಗೆದ್ದವರಿಗೆ ಕೊನೆಯದು. ಈ ಸರದಿಯನ್ನು ತಂಡಗಳು ತಮ್ಮತಮ್ಮಲ್ಲಿ ವಿನಿಮಯ ಮಾಡಿಕೊಳ್ಳಬಹುದು. ಜಗಳವೆಲ್ಲ ಹುಟ್ಟುವುದು ಅಲ್ಲೇ.

ಇದನ್ನು ಶುರುಮಾಡಿಸಿದವನು ಬರ್ಟ್ ಬೆಲ್. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ. 1935ರಲ್ಲಿ ಅವನ ತಂಡ ಗೆದ್ದದ್ದು ಎರಡು ಪಂದ್ಯ, ಸೋತದ್ದು ಒಂಬತ್ತು. ಒಳ್ಳೆಯ ಹುಡುಗರೆಲ್ಲ ದುಡ್ಡೂ ಹೆಸರೂ ಇದ್ದ ಷಿಕಾಗೊ ಬೇರ್ಸ್, ನ್ಯೂಯಾರ್ಕ್ ಜೈಂಟ್ಸ್ ಕಡೆಗೇ ಹೋಗುತ್ತಿದ್ದರು. ಸೋತವರು ಸೋಲುತ್ತಲೇ ಇದ್ದರೆ ಲೀಗೇ ಮುಚ್ಚಿಹೋಗುತ್ತದೆ ಎಂದು ವಾದಿಸಿ ಅವನು ಉಳಿದ ಮಾಲೀಕರನ್ನು ಒಪ್ಪಿಸಿದ. 1936ರ ಫೆಬ್ರುವರಿ 8ರಂದು ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಕಪ್ಪುಹಲಗೆಯ ಮೇಲೆ ಹೆಸರು ಬರೆದುಕೊಂಡು ಮೊದಲ ಡ್ರಾಫ್ಟ್ ನಡೆಯಿತು.

ಮೊದಲ ಹೆಸರು ಜೇ ಬರ್‌ವಾಂಗರ್. ಷಿಕಾಗೊ ವಿಶ್ವವಿದ್ಯಾಲಯದ ಹುಡುಗ, ಆಗ ದೇಶಕ್ಕೇ ಗೊತ್ತಿದ್ದ ಆಟಗಾರ. ಅವನಿಗೆ ಕೊಡುವಷ್ಟು ದುಡ್ಡು ಬೆಲ್‌ನ ಬಳಿ ಇರಲಿಲ್ಲ. ಅವನ ಹಕ್ಕನ್ನು ಬೇರ್ಸ್‌ಗೆ ದಾಟಿಸಿಬಿಟ್ಟ. ಅಲ್ಲಿಯೂ ಸಂಬಳದ ಮಾತು ಕುದುರಲಿಲ್ಲ. ಬರ್‌ವಾಂಗರ್ ಫೋಮ್ ರಬ್ಬರ್ ಕಂಪನಿಯ ಕೆಲಸಕ್ಕೆ ಸೇರಿದ, ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅಂದರೆ ಡ್ರಾಫ್ಟ್ ಇತಿಹಾಸದ ಮೊಟ್ಟಮೊದಲ ಆಯ್ಕೆಯೇ ದಂಡ. ನಿಮ್ಮ ಮಗ ಹಣೆ ಚಚ್ಚಿಕೊಳ್ಳುವುದಕ್ಕೆ ಸುಮಾರು ತೊಂಬತ್ತು ವರ್ಷಗಳ ಪರಂಪರೆ ಇದೆ ಎಂದುಕೊಳ್ಳಿ.

1980ರಲ್ಲಿ ಇಎಸ್‌ಪಿಎನ್ ಇದನ್ನು ನೇರಪ್ರಸಾರ ಮಾಡುತ್ತೇವೆ ಎಂದಾಗ ಹೆಸರು ಓದುವುದನ್ನು ಯಾರು ನೋಡುತ್ತಾರೆ ಎಂದು ನಕ್ಕವರಿದ್ದರು. 2024ರಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದಾಗ ಮೂರು ದಿನಕ್ಕೆ ಏಳೂಮುಕ್ಕಾಲು ಲಕ್ಷ ಜನ ಬಂದಿದ್ದರು. ಊಟವನ್ನು ಟಿವಿ ಮುಂದೆಯೇ ಬಡಿಸಿಬಿಡಿ.

ಪ್ರಶ್ನೆ: ನಾನು ಆರ್‌ಸಿಬಿ ಅಭಿಮಾನಿ, ಹರಾಜು ನೋಡಿ ಬೆಳೆದವನು. ಆಟಗಾರನಿಗೆ ಬೆಲೆ ಕಟ್ಟಿ, ಹೆಚ್ಚು ಕೂಗಿದವರಿಗೆ ಕೊಡುವುದು ನೇರವಾದ ವ್ಯವಹಾರ. ಯಾವ ಊರಿಗೆ ಹೋಗಬೇಕೆಂದು ಹುಡುಗನನ್ನು ಕೇಳದೆ ಸರದಿಯಲ್ಲಿ ಹಂಚುವುದು ಯಾವ ನ್ಯಾಯ? — ವಿಜಯನಗರ, ಬೆಂಗಳೂರು

ಹರಾಜಿನಲ್ಲೂ ಹುಡುಗನನ್ನು ಯಾರೂ ಕೇಳುವುದಿಲ್ಲ ಸ್ವಾಮಿ, ದುಡ್ಡು ಹೆಚ್ಚು ಸಿಗುತ್ತದೆ ಅಷ್ಟೇ. ಆದರೂ ನಿಮ್ಮ ತಕರಾರು ಅಮೆರಿಕದ ನ್ಯಾಯಾಲಯದಲ್ಲೇ ಗೆದ್ದಿದೆ. 1968ರಲ್ಲಿ ವಾಷಿಂಗ್ಟನ್ ತಂಡ ಆರಿಸಿದ ಜೇಮ್ಸ್ 'ಯಾಜೂ' ಸ್ಮಿತ್ ಮೊದಲ ವರ್ಷದ ಕೊನೆಯ ಪಂದ್ಯದಲ್ಲಿ ಕತ್ತಿಗೆ ಏಟು ಮಾಡಿಕೊಂಡ, ಮತ್ತೆ ಆಡಲಾಗಲಿಲ್ಲ. ಡ್ರಾಫ್ಟ್ ಇಲ್ಲದಿದ್ದರೆ ತನಗೆ ಇನ್ನೂ ಒಳ್ಳೆಯ ಕರಾರು ಸಿಗುತ್ತಿತ್ತು ಎಂದು ಮೊಕದ್ದಮೆ ಹೂಡಿದ. 1976ರಲ್ಲಿ ಕೆಳಗಿನ ನ್ಯಾಯಾಲಯ, 1978ರಲ್ಲಿ ಮೇಲಿನದು, ಎರಡೂ ಆಗಿನ ಡ್ರಾಫ್ಟ್ ಪದ್ಧತಿ ಪೈಪೋಟಿಯನ್ನು ಹತ್ತಿಕ್ಕುವಂಥದ್ದು ಎಂದವು. ಹಾಗಾದರೆ ಇಂದೂ ಹೇಗೆ ನಡೆಯುತ್ತಿದೆ? ಆಟಗಾರರ ಸಂಘವೇ ಮಾಲೀಕರ ಜೊತೆಗಿನ ಒಪ್ಪಂದದಲ್ಲಿ ಇದಕ್ಕೆ ಸಹಿ ಹಾಕಿದೆ. ಸಹಿ ಹಾಕುವ ಸಂಘದಲ್ಲಿ ಇನ್ನೂ ಕಾಲೇಜಿನಲ್ಲಿರುವ ಹುಡುಗನಿಗೆ ಮತವಿಲ್ಲ ಎಂಬುದು ಬೇರೆ ಮಾತು.

'ನಾನು ಹೋಗಲ್ಲ' ಎಂದವರೂ ಇದ್ದಾರೆ. 1983ರಲ್ಲಿ ಜಾನ್ ಎಲ್‌ವೇ ಬಾಲ್ಟಿಮೋರ್‌ಗೆ ಆಡಲಾರೆ ಎಂದು ಹಟ ಹಿಡಿದು ಡೆನ್ವರ್ ಸೇರಿದ. 2004ರಲ್ಲಿ ಈಲೈ ಮ್ಯಾನಿಂಗ್ ಸ್ಯಾನ್ ಡಿಯೇಗೊ ಬೇಡ ಎಂದು ನ್ಯೂಯಾರ್ಕ್ ಜೈಂಟ್ಸ್ ಸೇರಿದ. ಇಬ್ಬರೂ ಮೊದಲ ಆಯ್ಕೆಯವರು. 150ನೆಯ ಆಯ್ಕೆಯವನು ಹೀಗೆ ಮೊಂಡು ಹಿಡಿದರೆ ಬಾಗಿಲು ಅತ್ತ ಇದೆ ಎನ್ನುತ್ತಾರೆ.

ಇನ್ನು ಬೆಲೆಯ ಮಾತು. ಹಿಂದೆ ಮೊದಲ ಆಯ್ಕೆಯವರು ಬಾಯಿಗೆ ಬಂದಷ್ಟು ಕೇಳುತ್ತಿದ್ದರು. 2010ರಲ್ಲಿ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಕರಾರಾಯಿತು. ಮರುವರ್ಷ ಹೊಸ ಒಪ್ಪಂದ ಬಂತು, ಸರದಿಗೆ ತಕ್ಕಂತೆ ಸಂಬಳ ಗೊತ್ತುಮಾಡಿದರು. ಅದೇ ಮೊದಲ ಆಯ್ಕೆಯಾದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಹಾಗಾಗಿ ಈಗ ಇಲ್ಲಿ ಕೂಗಿ ಕೊಳ್ಳುವುದು ಹುಡುಗನನ್ನಲ್ಲ, ಸರದಿಯನ್ನು. ನಿಮ್ಮ ಹರಾಜಿನಲ್ಲಿ ಪರ್ಸ್ ಖಾಲಿಯಾದರೆ ಕಾಣುತ್ತದೆ. ಇಲ್ಲಿ ಪೋಲಾದದ್ದು ಎರಡು ಮೂರು ವರ್ಷ ಕಳೆದ ಮೇಲೆ, ನಮ್ಮ ಸರದಿಯಲ್ಲಿ ಬೇರೆ ತಂಡದ ಹೆಸರು ಓದುವಾಗ ಕಾಣುತ್ತದೆ. ನಮ್ಮಲ್ಲೂ 2014ರಲ್ಲಿ ಫುಟ್‌ಬಾಲ್‌ನ ಐಎಸ್‌ಎಲ್ ಶುರುವಾದಾಗ ಭಾರತೀಯ ಆಟಗಾರರನ್ನು ಡ್ರಾಫ್ಟ್ ಮೂಲಕವೇ ಹಂಚಿದ್ದರು, ನೆನಪಿರಬಹುದು. ಆಮೇಲೆ ಕೈಬಿಟ್ಟರು.

ಪ್ರಶ್ನೆ: ನಾನು, ನನ್ನ ಭಾವಮೈದುನ ಇಬ್ಬರೂ ಸಿನ್ಸಿನಾಟಿ ಬೆಂಗಾಲ್ಸ್ ಅಭಿಮಾನಿಗಳು. 2021ರಲ್ಲಿ ನಮ್ಮ ಐದನೆಯ ಸರದಿಗೆ ಪೆನೈ ಸೂಯೆಲ್ ಬೇಕಿತ್ತು ಎಂದು ಅವನು. ಜಮಾರ್ ಚೇಸ್‌ನನ್ನು ತಂದದ್ದೇ ಸರಿ ಎಂದು ನಾನು. ಹಬ್ಬಕ್ಕೆ ಸೇರಿದಾಗಲೆಲ್ಲ ಇದೇ. ನನ್ನ ಹೆಂಡತಿ ಇಬ್ಬರಿಗೂ ಒಬ್ಬಟ್ಟು ನಿಲ್ಲಿಸುವುದಾಗಿ ಹೇಳಿದ್ದಾಳೆ. ತೀರ್ಪು ಕೊಡಿ.

ಈ ಜಗಳ ಗೊತ್ತಿಲ್ಲದವರಿಗೆ ಎರಡು ಮಾತು. ಜೋ ಬರೋ ಬೆಂಗಾಲ್ಸ್‌ನ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯುವವನು, 2020ರ ಮೊದಲ ಆಯ್ಕೆ. ಆ ನವೆಂಬರ್‌ನಲ್ಲಿ ಎದುರಾಳಿಗಳು ಮೇಲೆ ಬಿದ್ದು ಅವನ ಮಂಡಿ ಹೋಯಿತು. ಮುಂದಿನ ಏಪ್ರಿಲ್‌ನಲ್ಲಿ ಎದುರಿಗಿದ್ದವರು ಇಬ್ಬರು. ಸೂಯೆಲ್ ಟ್ಯಾಕಲ್, ಬರೋನ ಮುಂದೆ ಗೋಡೆಯಂತೆ ನಿಂತು ಕಾಯುವವನು. ಚೇಸ್ ರಿಸೀವರ್, ಮುಂದೆ ಓಡಿ ಚೆಂಡು ಹಿಡಿಯುವವನು, ಕಾಲೇಜಿನಲ್ಲಿ ಬರೋನ ಜೊತೆಯಲ್ಲೇ ಆಡಿ ಗೆದ್ದವನು. ಇಬ್ಬರೂ ಹಿಂದಿನ ವರ್ಷ ಕೋವಿಡ್ ಕಾರಣಕ್ಕೆ ಆಡಿರಲಿಲ್ಲ.

ಬೆಂಗಾಲ್ಸ್ ಚೇಸ್‌ನನ್ನು ಆರಿಸಿತು. ಎರಡು ಸರದಿ ಕಳೆದು ಡೆಟ್ರಾಯಿಟ್ ಲಯನ್ಸ್ ಸೂಯೆಲ್‌ನನ್ನು ಎತ್ತಿಕೊಂಡಿತು. ಆಗಸ್ಟ್‌ನ ಅಭ್ಯಾಸ ಪಂದ್ಯಗಳಲ್ಲಿ ಚೇಸ್ ಕೈಗೆ ಬಂದ ಚೆಂಡುಗಳನ್ನು ಮತ್ತೆ ಮತ್ತೆ ಕೆಳಗೆ ಹಾಕಿದ. ಆ ತಿಂಗಳು ನಿಮ್ಮ ಭಾವಮೈದುನ ನಿಮ್ಮನ್ನು ಹೇಗೆ ನೋಡಿರಬಹುದು ಎಂದು ಊಹಿಸಬಲ್ಲೆ. ಸೆಪ್ಟೆಂಬರ್‌ನಿಂದ ಕಥೆಯೇ ಬೇರೆ. ಚೇಸ್ ಆ ವರ್ಷದ ಅತ್ಯುತ್ತಮ ಹೊಸ ಆಕ್ರಮಣ ಆಟಗಾರನಾದ, ಬೆಂಗಾಲ್ಸ್ ಸೂಪರ್ ಬೌಲ್ ತಲುಪಿತು. ಆದರೆ ಅದೇ ಸೀಸನ್‌ನಲ್ಲಿ ನಾಕ್‌ಔಟ್‌ಗೆ ಮೊದಲೇ ಬರೋ 51 ಸಲ ಚೆಂಡು ಕೈಯಲ್ಲಿರುವಾಗಲೇ ನೆಲಕ್ಕುರುಳಿದ. ಟೆನ್ನೆಸಿ ವಿರುದ್ಧದ ಒಂದೇ ನಾಕ್‌ಔಟ್ ಪಂದ್ಯದಲ್ಲಿ ಒಂಬತ್ತು ಸಲ. ಸೂಪರ್ ಬೌಲ್‌ನಲ್ಲಿ ಏಳು ಸಲ.

ಆ ಸೂಪರ್ ಬೌಲ್‌ನಲ್ಲಿ ಬೆಂಗಾಲ್ಸ್‌ನ ಕೊನೆಯ ಯತ್ನವನ್ನು ಇಬ್ಬರೂ ಕೂತು ಮತ್ತೊಮ್ಮೆ ನೋಡಿ. ಚೇಸ್ ತನ್ನನ್ನು ಕಾಯುತ್ತಿದ್ದ ಜೇಲನ್ ರ್‍ಯಾಮ್ಸೆಯನ್ನು ದಾಟಿ ಮುಂದೆ ಓಡಿಬಿಟ್ಟಿದ್ದಾನೆ. ಅಷ್ಟರಲ್ಲಿ ಎದುರಾಳಿ ರ್‍ಯಾಮ್ಸ್‌ನ ಏರನ್ ಡೊನಾಲ್ಡ್ ಗೋಡೆ ಒಡೆದುಕೊಂಡು ಬಂದು ಬರೋನ ಸೊಂಟ ಹಿಡಿದು ತಿರುಗಿಸಿದ. ಚೇಸ್ ಖಾಲಿ ಇದ್ದಾನೆ ಎಂದು ನೀವು ತೋರಿಸುತ್ತೀರಿ, ಬರೋಗೆ ಎಸೆಯಲು ಸಮಯವಿಲ್ಲ ಎಂದು ಭಾವಮೈದುನ ತೋರಿಸುತ್ತಾನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, 23–20ರಲ್ಲಿ ಸೋತರು.

ಆಮೇಲಿನ ಲೆಕ್ಕವೂ ಜಗಳ ಮುಗಿಸುವುದಿಲ್ಲ. 2024ರಲ್ಲಿ ಚೇಸ್ 127 ಚೆಂಡು ಹಿಡಿದು, 1,708 ಗಜ ಗಳಿಸಿ, 17 ಟಚ್‌ಡೌನ್ ಮಾಡಿದ. ಮೂರರಲ್ಲೂ ಲೀಗ್‌ಗೇ ಮೊದಲು. ಸೂಯೆಲ್ 2023ರಲ್ಲೂ 2024ರಲ್ಲೂ ದೇಶದ ಮೊದಲ ದರ್ಜೆಯ ಆಲ್‌-ಪ್ರೊ ತಂಡದಲ್ಲಿದ್ದ. ಇಬ್ಬರೂ ಅಪ್ಪಟ ಚಿನ್ನ.

ನನ್ನ ತೀರ್ಪು ಇದು: ನೀವಿಬ್ಬರೂ ಜಗಳವಾಡುತ್ತಿರುವ ಸರದಿಯೇ ತಪ್ಪು. ಬೆಂಗಾಲ್ಸ್ ಐದನೆಯದರಲ್ಲಿ ಚೇಸ್‌ನನ್ನು ತಂದಾಗ, ಗೋಡೆ ಕಟ್ಟುವವನನ್ನು ಎರಡನೆಯ ಸುತ್ತಿನಲ್ಲಿ ತರೋಣ ಎಂಬ ಲೆಕ್ಕವೂ ಅದರೊಳಗಿತ್ತು. ಆ ಸುತ್ತಿನಲ್ಲಿ 38ನೆಯ ಸರದಿಯನ್ನು ಬಿಟ್ಟುಕೊಟ್ಟು, ಕೆಳಗಿಳಿದು, 46ರಲ್ಲಿ ಜ್ಯಾಕ್ಸನ್ ಕಾರ್ಮನ್ ಎಂಬ ಟ್ಯಾಕಲ್‌ನನ್ನು ಆರಿಸಿದರು. ಅವನು ನೆಲೆಯೂರಲೇ ಇಲ್ಲ. ಬರೋ ಏಟು ತಿಂದದ್ದು ಚೇಸ್‌ನಿಂದಲ್ಲ, 46ರಿಂದ. ಇನ್ನೂ ಮುಂದೆ ಹೋಗಿ. ನಾಲ್ಕನೆಯ ಸುತ್ತಿನ 111ನೆಯ ಸರದಿ ಬೆಂಗಾಲ್ಸ್‌ದೇ. ಅವರು ಕ್ಯಾಮರನ್ ಸ್ಯಾಂಪಲ್ ಎಂಬ ರಕ್ಷಣಾ ಆಟಗಾರನನ್ನು ಆರಿಸಿದರು. 112ರಲ್ಲಿ ಲಯನ್ಸ್ ಆರಿಸಿದ ರಿಸೀವರ್‌ನ ಹೆಸರು ಅಮಾನ್-ರಾ ಸೇಂಟ್ ಬ್ರೌನ್. ತನಗಿಂತ ಮೊದಲು ಆಯ್ಕೆಯಾದ 16 ರಿಸೀವರ್‌ಗಳ ಹೆಸರನ್ನೂ ಬಾಯಿಪಾಠ ಮಾಡಿಟ್ಟುಕೊಂಡ ಹುಡುಗ. ಅವನೂ ಮುಂದೆ ಆಲ್-ಪ್ರೊ ಆದ.

ಡೆಟ್ರಾಯಿಟ್‌ಗೆ ಒಂದೇ ಏಪ್ರಿಲ್‌ನಲ್ಲಿ ಗೋಡೆಯೂ ಸಿಕ್ಕಿತು, ಓಡುವವನೂ ಸಿಕ್ಕಿದ. ಭಾವಮೈದುನನಿಗೆ ಹೇಳಿ, 'ಸೂಯೆಲ್‌ನನ್ನು ತಂದು ಸೇಂಟ್ ಬ್ರೌನ್‌ನನ್ನೂ ತರಬಹುದಿತ್ತು' ಎಂದು ಅವನು ವಾದಿಸಿದ್ದರೆ ಒಬ್ಬಟ್ಟು ಅವನ ಪಾಲಾಗುತ್ತಿತ್ತು. ಏಪ್ರಿಲ್ 2021ರಲ್ಲಿ ಹಾಗೆ ವಾದಿಸಿದವರು ಯಾರೂ ನನ್ನ ಕಣ್ಣಿಗೆ ಬಿದ್ದಿಲ್ಲ. ಲಯನ್ಸ್‌ನವರೇ ಮೂರು ಸುತ್ತು ಅವನನ್ನು ಮುಟ್ಟಿರಲಿಲ್ಲ.

ಪ್ರಶ್ನೆ: ಮರುದಿನವೇ ತಂಡಗಳಿಗೆ ಎ ಪ್ಲಸ್, ಸಿ ಮೈನಸ್ ಎಂದು ಗ್ರೇಡ್ ಕೊಡುತ್ತಾರಲ್ಲ, ನಂಬಬಹುದೇ?

ಬೇಡ. 2012ರಲ್ಲಿ ಸಿಯಾಟಲ್ ಸೀಹಾಕ್ಸ್‌ಗೆ ಅನೇಕರು ಕಳಪೆ ಗ್ರೇಡ್ ಕೊಟ್ಟಿದ್ದರು. ಆ ಡ್ರಾಫ್ಟ್‌ನಲ್ಲಿ ಅವರು ತಂದವರಲ್ಲಿ ಬಾಬಿ ವ್ಯಾಗ್ನರ್, ಮೂರನೆಯ ಸುತ್ತಿನ ರಸೆಲ್ ವಿಲ್ಸನ್ ಇದ್ದರು. 2014ರ ಫೆಬ್ರುವರಿಯಲ್ಲಿ ಅದೇ ಹುಡುಗರು ಸೂಪರ್ ಬೌಲ್ ಗೆದ್ದರು. ಗ್ರೇಡ್ ಕೊಡುವವರು ಅಳೆಯುವುದು ತಮ್ಮ ಪಟ್ಟಿಗೂ ತಂಡದ ಪಟ್ಟಿಗೂ ಇರುವ ಅಂತರವನ್ನು. ಓದಲು ಮಜವಾಗಿರುತ್ತದೆ, ನಾನೂ ಓದುತ್ತೇನೆ.

ಪ್ರಶ್ನೆ: ಷಾರ್ಲೆಟ್‌ನಲ್ಲಿದ್ದೇನೆ, ಪ್ಯಾಂಥರ್ಸ್ ಅಭಿಮಾನಿ. 2023ರಲ್ಲಿ ನಾವು ಮೊದಲ ಸರದಿಗಾಗಿ ಷಿಕಾಗೊಗೆ ಅಷ್ಟೊಂದು ತೆತ್ತೆವು. ಷಿಕಾಗೊದ ಗೆಳೆಯನೊಬ್ಬ ಇಂದಿಗೂ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಫೋನ್ ಮಾಡಿ 'ಥ್ಯಾಂಕ್ಸ್ ಕಣೋ' ಅನ್ನುತ್ತಾನೆ. ಮೇಲಕ್ಕೆ ಹೋಗಿ ಆರಿಸುವುದೇ ತಪ್ಪೇ?

ನಿಮ್ಮ ಗೆಳೆಯ ಕೃತಜ್ಞತೆ ಉಳ್ಳವನು. ಕೆಲವರು ಅಷ್ಟೂ ಮಾಡುವುದಿಲ್ಲ.

ನೀವು ಕೊಟ್ಟದ್ದನ್ನು ಮೊದಲು ಜೋಡಿಸಿಡೋಣ: ಆ ವರ್ಷದ 9 ಮತ್ತು 61ನೆಯ ಸರದಿ, 2024ರ ಮೊದಲ ಸುತ್ತು, 2025ರ ಎರಡನೆಯ ಸುತ್ತು, ಜೊತೆಗೆ ಡಿಜೆ ಮೂರ್ ಎಂಬ ಪಳಗಿದ ರಿಸೀವರ್. ಬಂದವನು ಬ್ರೈಸ್ ಯಂಗ್. ಅವನ ಮೊದಲ ವರ್ಷದಲ್ಲಿ ಪ್ಯಾಂಥರ್ಸ್ ಎರಡು ಗೆದ್ದು ಹದಿನೈದು ಸೋತಿತು. ಎಲ್ಲರಿಗಿಂತ ಕೆಟ್ಟ ತಂಡವಾದ್ದರಿಂದ 2024ರ ಮೊದಲ ಸರದಿ ನಿಮ್ಮದು, ಆದರೆ ಅದನ್ನು ನೀವು ಆಗಲೇ ಕೊಟ್ಟಾಗಿತ್ತು. ಆ ಸರದಿಯಲ್ಲಿ ಷಿಕಾಗೊ ಕೇಲೆಬ್ ವಿಲಿಯಮ್ಸ್‌ನನ್ನು ಆರಿಸಿತು. ಉಳಿದ ಸರದಿಗಳನ್ನು ಆಚೀಚೆ ಸರಿಸಿ ಡಾರ್ನೆಲ್ ರೈಟ್‌ನನ್ನೂ ಟೈರೀಕ್ ಸ್ಟೀವನ್‌ಸನ್‌ನನ್ನೂ ತಂದಿತು, 2025ರದ್ದರಲ್ಲಿ ಲೂಥರ್ ಬರ್ಡನ್‌ನನ್ನು. ಒಬ್ಬ ಹುಡುಗನ ಬದಲಿಗೆ ಅರ್ಧ ತಂಡ. ಹೊಟ್ಟೆ ಉರಿಯುವುದು ಸಹಜ.

ಇಂಥ ವ್ಯಾಪಾರಕ್ಕೆ ಒಂದು ದರಪಟ್ಟಿ ಇದೆ. 1990ರ ದಶಕದ ಶುರುವಿನಲ್ಲಿ ಜಿಮ್ಮಿ ಜಾನ್ಸನ್ ಕೋಚ್ ಆಗಿದ್ದಾಗ ಡಲ್ಲಾಸ್ ಕೌಬಾಯ್ಸ್ ಅದನ್ನು ತಯಾರಿಸಿತು. ಮೊದಲ ಸರದಿಗೆ 3,000 ಅಂಕ, ಹತ್ತನೆಯದಕ್ಕೆ 1,300, 32ನೆಯದಕ್ಕೆ 590. ಡಲ್ಲಾಸ್‌ಗೆ ಇದು ಬೇಕಾದದ್ದಕ್ಕೆ ಕಾರಣವಿತ್ತು. 1989ರಲ್ಲಿ ಹರ್ಷಲ್ ವಾಕರ್‌ನನ್ನು ಮಿನೆಸೋಟಾಗೆ ಕೊಟ್ಟು ಅವರು ರಾಶಿ ಸರದಿ ತಂದುಕೊಂಡಿದ್ದರು. ಇಷ್ಟು ಸರಕು ಕೈಯಲ್ಲಿದ್ದಾಗ ದರ ಗೊತ್ತಿರಬೇಕಲ್ಲ. ಆ ರಾಶಿಯ ಬಲದಿಂದ ಮುಂದಿನ ದಶಕದಲ್ಲಿ ಮೂರು ಸೂಪರ್ ಬೌಲ್ ಗೆದ್ದರು. ಬೇರೆ ತಂಡಗಳೂ ಕ್ರಮೇಣ ಅದೇ ಪಟ್ಟಿ ಹಿಡಿದು ಚೌಕಾಸಿ ಮಾಡತೊಡಗಿದವು.

ಪಟ್ಟಿಯ ಲೆಕ್ಕ ಸರಿಯೇ ಎಂದು ಕೇಳಿದವರು ಕೇಡ್ ಮ್ಯಾಸಿ, ರಿಚರ್ಡ್ ಥೇಲರ್ ಎಂಬ ಇಬ್ಬರು ಪಂಡಿತರು. ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕಂಡುಕೊಂಡದ್ದು ಕೇಳಿದರೆ ನಿಮ್ಮ ಗೆಳೆಯ ಇನ್ನೊಂದು ಸಲ ಫೋನ್ ಮಾಡುತ್ತಾನೆ. ಒಂದೇ ಸ್ಥಾನದಲ್ಲಿ ಆಡುವ, ಒಬ್ಬರ ಹಿಂದೊಬ್ಬರು ಆಯ್ಕೆಯಾದ ಇಬ್ಬರಲ್ಲಿ ಮೊದಲಿನವನೇ ಉತ್ತಮನಾಗಿ ಹೊರಹೊಮ್ಮುವ ಸಾಧ್ಯತೆ ನೂರಕ್ಕೆ 52. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ. ತಂಡಗಳು ಕಣ್ಣು ಮುಚ್ಚಿ ಆರಿಸುತ್ತವೆ ಎಂದಲ್ಲ. ಎಲ್ಲರೂ ಸೇರಿ ಕಟ್ಟಿದ ಕ್ರಮ ಒಟ್ಟಾರೆ ಸರಿಯೇ ಇರುತ್ತದೆ. ಆದರೆ 'ಆ ಹುಡುಗನೇ, ಅವನೇ ಬೇಕು' ಎಂಬ ಹಟಕ್ಕೆ ತೆರುವ ಬೆಲೆಗೆ ತಕ್ಕ ಖಾತರಿ ಯಾರಿಗೂ ಇಲ್ಲ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಡ್ರಾಫ್ಟ್‌ನಲ್ಲಿ ಗೆಲ್ಲುವವರು ಸರಿಯಾಗಿ ಆರಿಸಿದವರಿಗಿಂತ ಹೆಚ್ಚು ಸಲ ಆರಿಸಿದವರು.

ಹಟದ ಪರಾಕಾಷ್ಠೆ 1999ರದ್ದು. ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನ ಕೋಚ್ ಮೈಕ್ ಡಿಟ್ಕಾ, ರಿಕಿ ವಿಲಿಯಮ್ಸ್ ಒಬ್ಬನಿಗಾಗಿ ಆ ವರ್ಷದ ತನ್ನೆಲ್ಲ ಸರದಿಯನ್ನೂ ಮುಂದಿನ ವರ್ಷದ ಎರಡನ್ನೂ ವಾಷಿಂಗ್ಟನ್‌ಗೆ ಕೊಟ್ಟುಬಿಟ್ಟ. ಇಬ್ಬರೂ ಮದುಮಗ-ಮದುಮಗಳ ವೇಷದಲ್ಲಿ ಪತ್ರಿಕೆಯ ಮುಖಪುಟಕ್ಕೂ ನಿಂತರು. ಆ ಸೀಸನ್ ಸೇಂಟ್ಸ್ ಗೆದ್ದದ್ದು ಮೂರು ಪಂದ್ಯ. ಡಿಟ್ಕಾ ಕೆಲಸ ಹೋಯಿತು.

ಹಾಗಾದರೆ ಯಾವತ್ತೂ ಮೇಲಕ್ಕೆ ಹೋಗಬಾರದೇ? ಕ್ವಾರ್ಟರ್‌ಬ್ಯಾಕ್‌ಗೆ ಮಾತ್ರ ಹೋಗಬಹುದು, ಅದೂ ಕಾಯಲು ತಾಳ್ಮೆ ಇದ್ದರೆ. 2017ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ 27ರಿಂದ 10ಕ್ಕೆ ಏರಿ ಪ್ಯಾಟ್ರಿಕ್ ಮಹೋಮ್ಸ್‌ನನ್ನು ತಂದಿತು. ತಂದು ಏನು ಮಾಡಿತು? ಒಂದು ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಬೆಂಚಿನಲ್ಲಿ ಕೂರಿಸಿತು. ಅದೇ ವರ್ಷ ನಿಮ್ಮ ಗೆಳೆಯನ ಷಿಕಾಗೊ ಮೂರರಿಂದ ಎರಡಕ್ಕೆ, ಒಂದೇ ಮೆಟ್ಟಿಲು ಏರಲು ಮೂರು ಸರದಿ ಹೆಚ್ಚುವರಿ ತೆತ್ತು ಮಿಚ್ ಟ್ರುಬಿಸ್ಕಿಯನ್ನು ಆರಿಸಿತ್ತು. ಮಹೋಮ್ಸ್ ಆಗ ಅವರ ಕಣ್ಣೆದುರಿಗೇ ಇದ್ದ. ಮುಂದಿನ ಏಪ್ರಿಲ್‌ನಲ್ಲಿ ನೀವೇ ಮೊದಲು ಫೋನ್ ಮಾಡಿ ಈ ಹೆಸರು ಎತ್ತಿ.

ಪ್ರಶ್ನೆ: ನಾನು ಹತ್ತನೆಯ ಗ್ರೇಡ್, ನ್ಯೂಜೆರ್ಸಿ, ಜೆಟ್ಸ್ ಫ್ಯಾನ್. (ಕನ್ನಡ ಟೈಪ್ ಮಾಡಿದ್ದು ಅಜ್ಜಿ.) ನಮ್ಮ ಟೀಮ್ ಕೆಟ್ಟ ಪಿಕ್ ಮಾಡಿದಾಗ ನಾನು 'ಬೂ' ಅಂದ್ರೆ ಅಪ್ಪ ಬೈತಾರೆ. ಜೆಟ್ಸ್ ಫ್ಯಾನ್ಸ್ ಎಲ್ಲ ಬೂ ಅಂತಾರಲ್ವಾ?

ಹೌದು ಪುಟ್ಟ, ಜೆಟ್ಸ್‌ನವರಿಗೆ ಅದು ಕುಲಾಚಾರ. 1983ರಲ್ಲಿ ಡ್ಯಾನ್ ಮರೀನೊ ಇನ್ನೂ ಉಳಿದಿದ್ದಾಗ ನಿಮ್ಮವರು ಕೆನ್ ಓಬ್ರಯನ್‌ನನ್ನು ಆರಿಸಿದರು. 1995ರಲ್ಲಿ ವಾರನ್ ಸ್ಯಾಪ್‌ನನ್ನು ಬಿಟ್ಟು ಕೈಲ್ ಬ್ರೇಡಿಯನ್ನು. ಎರಡು ಸಲವೂ ಗ್ಯಾಲರಿಯವರು ಕೂಗಿದ್ದು ನ್ಯಾಯವಾಗಿತ್ತು ಎಂದು ಇತಿಹಾಸ ಹೇಳುತ್ತದೆ.

ಆದರೆ 1999ರ ಫಿಲಡೆಲ್ಫಿಯಾದವರ ಕಥೆ ಕೇಳು. ಅವರಿಗೂ ಬೇಕಾಗಿದ್ದವನು ಆ ರಿಕಿ ವಿಲಿಯಮ್ಸ್. ರೇಡಿಯೊ ಕೇಂದ್ರದವರು ಕರೆದುಕೊಂಡು ಹೋದ ಅಭಿಮಾನಿಗಳ ಗುಂಪು ನ್ಯೂಯಾರ್ಕ್‌ಗೇ ಬಂದು ಕೂತಿತ್ತು. ಈಗಲ್ಸ್ ಎರಡನೆಯ ಸರದಿಯಲ್ಲಿ ಡಾನವನ್ ಮೆಕ್‌ನ್ಯಾಬ್ ಹೆಸರು ಹೇಳಿದಾಗ, ಮನೆಯವರ ಮುಂದೆ ವೇದಿಕೆ ಏರಿದ ಆ ಹುಡುಗನ ಮುಖಕ್ಕೇ ಅವರು ಬೂ ಎಂದರು. ಮೆಕ್‌ನ್ಯಾಬ್ ಆ ತಂಡವನ್ನು ಐದು ಸಲ ಕಾನ್ಫರೆನ್ಸ್ ಫೈನಲ್‌ಗೆ, ಒಂದು ಸಲ ಸೂಪರ್ ಬೌಲ್‌ಗೆ ಕರೆದೊಯ್ದ. ಅವನ 5ನೆಯ ನಂಬರನ್ನು ಈಗಲ್ಸ್ ಈಗ ಬೇರೆ ಯಾರಿಗೂ ಕೊಡುವುದಿಲ್ಲ. ಆ ಬೂ ಮಾತ್ರ ಅವನು ಮರೆತಿಲ್ಲ.

ಹುಡುಗನಿಗೆ ಬೂ ಅನ್ನಬೇಡ, ಅವನು ತನ್ನನ್ನು ತಾನೇ ಆರಿಸಿಕೊಂಡಿಲ್ಲ. ಕಮಿಷನರ್ ರಾಜರ್ ಗುಡೆಲ್ ವೇದಿಕೆಗೆ ಬಂದಾಗ ಎಷ್ಟು ಬೇಕಾದರೂ ಕೂಗು. ಎಲ್ಲರೂ ಕೂಗುತ್ತಾರೆ, ಅವರೂ ನಗುತ್ತಾ ಇನ್ನಷ್ಟು ಕೂಗಿ ಎಂದು ಕೈ ಬೀಸುತ್ತಾರೆ. ಅಪ್ಪನಿಗೆ ಇದನ್ನು ತೋರಿಸು.

ಪ್ರಶ್ನೆ: ಮೊದಲ ಸರದಿ ಅಷ್ಟು ಬೆಲೆಬಾಳುವುದಾದರೆ ತಂಡಗಳು ಬೇಕೆಂದೇ ಸೋಲುವುದಿಲ್ಲವೇ? — ಶಿವಮೊಗ್ಗ

ಅಭಿಮಾನಿಗಳು ಬೇಕೆಂದೇ ಸೋಲುತ್ತಾರೆ, ಆಟಗಾರರು ಸೋಲುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಜೆಟ್ಸ್ ಆಡಿದ 13 ಪಂದ್ಯಗಳನ್ನೂ ಸೋತಿತ್ತು. ಟ್ರೆವರ್ ಲಾರೆನ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ಇನ್ನೇನು ಅವರ ಕೈಗೆ ಬಂದನೆಂದು ಅಭಿಮಾನಿಗಳು ಲೆಕ್ಕ ಹಾಕುತ್ತಿದ್ದರು. ಅಷ್ಟರಲ್ಲಿ ತಂಡ ಬಲಿಷ್ಠ ರ್‍ಯಾಮ್ಸ್ ವಿರುದ್ಧ 23–20ರಿಂದ ಗೆದ್ದುಬಿಟ್ಟಿತು. ಮುಂದಿನ ವಾರ ಇನ್ನೊಂದು. ವರ್ಷವಿಡೀ ಕಾದ ಗೆಲುವು ಬಂದಾಗ ಊರಿಗೆ ಊರೇ ಸಂತಾಪದಲ್ಲಿತ್ತು. ಲಾರೆನ್ಸ್ ಜ್ಯಾಕ್ಸನ್‌ವಿಲ್‌ಗೆ ಹೋದ, ಜೆಟ್ಸ್‌ಗೆ ಸಿಕ್ಕವನು ಝ್ಯಾಕ್ ವಿಲ್ಸನ್. ಆ ಪಂದ್ಯ ಗೆಲ್ಲಿಸಿದ ಆಟಗಾರರಲ್ಲಿ ಅನೇಕರಿಗೆ ಮುಂದಿನ ವರ್ಷ ಅದೇ ತಂಡದಲ್ಲಿ ಕೆಲಸ ಇರುವ ಖಾತರಿಯೇ ಇರಲಿಲ್ಲ. ತನ್ನ ಜಾಗಕ್ಕೆ ಬರಲಿರುವ ಹುಡುಗನಿಗಾಗಿ ಯಾರು ತಾನೇ ಸೋತುಕೊಡುತ್ತಾರೆ? ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ಈ ಅನುಮಾನಕ್ಕೆಂದೇ 1985ರಿಂದ ಮೊದಲ ಸರದಿಗೆ ಲಾಟರಿ ಎತ್ತುತ್ತಿದೆ. ಎನ್‌ಎಫ್‌ಎಲ್‌ನಲ್ಲಿ ಅದಿಲ್ಲ.

ಪ್ರಶ್ನೆ: ನಾನು ಎಂಜಿನಿಯರ್, ಅಂಕಿಅಂಶ ನಂಬುವವನು. ಕಂಬೈನ್‌ನಲ್ಲಿ ಓಟ, ಜಿಗಿತ, ಕೈ ಉದ್ದ ಎಲ್ಲ ಅಳೆಯುತ್ತಾರೆ. ಇಷ್ಟು ಅಳೆದ ಮೇಲೂ ಟಾಮ್ ಬ್ರೇಡಿ 199ನೆಯವನಾಗಿ ಹೋದದ್ದು ಹೇಗೆ?

ಅಳೆದದ್ದರಿಂದಲೇ. ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿ ವರ್ಷ ನಡೆಯುವ ಆ ಪರೀಕ್ಷೆಯಲ್ಲಿ ಬ್ರೇಡಿ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡ. 2000ದಲ್ಲಿ ಅವನಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಅವನೊಬ್ಬನೇ ಏಳು ಸೂಪರ್ ಬೌಲ್ ಗೆದ್ದ. 2017ರಲ್ಲಿ ಜಾನ್ ರಾಸ್ 4.22 ಸೆಕೆಂಡಿನಲ್ಲಿ ಓಡಿ ಆಗಿನ ದಾಖಲೆ ಮಾಡಿದ, ಬೆಂಗಾಲ್ಸ್ ಅವನನ್ನು ಒಂಬತ್ತನೆಯವನಾಗಿ ಆರಿಸಿತು, ಅಲ್ಲಿ ಅವನು ಮಿಂಚಲಿಲ್ಲ. ಹಲಸಿನ ಹಣ್ಣನ್ನು ಹೊರಗಿನಿಂದ ತಟ್ಟಿ ನೋಡಿ ಕೊಂಡಂತೆ ಇದು. ತಟ್ಟುವುದು ಸುಳ್ಳಲ್ಲ, ಏನೋ ಗೊತ್ತಾಗುತ್ತದೆ, ತೊಳೆ ಎಷ್ಟಿದೆ ಎಂಬುದು ಮಾತ್ರ ಕೊಯ್ದ ಮೇಲೆಯೇ.

2022ರಲ್ಲಿ 262 ಹುಡುಗರ ಪೈಕಿ ಕೊನೆಯವನಾಗಿ ಆಯ್ಕೆಯಾದವನು ಬ್ರಾಕ್ ಪರ್ಡಿ. ಹಿಂದಿನ ವರ್ಷವಷ್ಟೇ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ 12ರಿಂದ 3ಕ್ಕೆ ಏರಲು ಮುಂದಿನ ಎರಡು ವರ್ಷಗಳ ಮೊದಲ ಸುತ್ತನ್ನೂ ಕೊಟ್ಟು ಟ್ರೇ ಲ್ಯಾನ್ಸ್‌ನನ್ನು ತಂದಿತ್ತು. ಲ್ಯಾನ್ಸ್‌ಗೆ ಗಾಯ, ಅವನ ನಂತರದವನಿಗೂ ಗಾಯ, ಉಳಿದವನು ಪರ್ಡಿ. ಮರುವರ್ಷ ಅವನು ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದ. ಇದನ್ನು ಜಾಣ್ಮೆ ಎನ್ನುತ್ತೀರೋ ಅದೃಷ್ಟ ಎನ್ನುತ್ತೀರೋ ನಿಮಗೆ ಬಿಟ್ಟದ್ದು. ಜಾಣ್ಮೆಯೇ ಆಗಿದ್ದರೆ 261 ಸರದಿ ಕಾಯುತ್ತಿರಲಿಲ್ಲ ಎಂದು ನಾನಂತೂ ಹೇಳುತ್ತೇನೆ.

ಪ್ರಶ್ನೆ: ಆಫೀಸಿನಲ್ಲಿ ನಾವು ನಾಲ್ವರು ಈ ವರ್ಷದ ಮೊದಲ ಸುತ್ತಿನ ಮೇಲೆ ಪಂಥ ಕಟ್ಟಿದ್ದೇವೆ. ಯಾರು ಗೆದ್ದರೆಂದು ಯಾವಾಗ ತೀರ್ಮಾನಿಸುವುದು? — ಸನಿವೇಲ್, ಕ್ಯಾಲಿಫೋರ್ನಿಯಾ

ಇದಕ್ಕೆ ತಂಡಗಳೇ ಒಂದು ತಾರೀಖು ಇಟ್ಟುಕೊಟ್ಟಿವೆ. ಮೊದಲ ಸುತ್ತಿನ ಹುಡುಗರ ಕರಾರು ನಾಲ್ಕು ವರ್ಷದ್ದು. ಐದನೆಯ ವರ್ಷಕ್ಕೂ ಬೇಕೇ ಬೇಡವೇ ಎಂದು ತಂಡ, ಮೂರನೆಯ ಸೀಸನ್ ಮುಗಿದ ಮೇಲೆ, ಮೇ ಆರಂಭದೊಳಗೆ ಹೇಳಬೇಕು. ಬೇಕು ಎಂದರೆ ಆ ವರ್ಷದ ಸಂಬಳಕ್ಕೆ ಖಾತರಿ ಕೊಟ್ಟಂತೆ. ಬಾಯಿಮಾತಿನ ಹೊಗಳಿಕೆಯೆಲ್ಲ ಅಲ್ಲಿ ನಿಂತುಹೋಗುತ್ತದೆ.

2021ರ ಮೊದಲ ಸುತ್ತಿನಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳಿದ್ದರು: ಲಾರೆನ್ಸ್, ವಿಲ್ಸನ್, ಲ್ಯಾನ್ಸ್, ಜಸ್ಟಿನ್ ಫೀಲ್ಡ್ಸ್, ಮ್ಯಾಕ್ ಜೋನ್ಸ್. ಆ ಏಪ್ರಿಲ್‌ನಲ್ಲಿ ಐದೂ ಊರುಗಳಲ್ಲಿ ಸಿಹಿ ಹಂಚಿದ್ದರು. 2024ರ ಮೇ ಬರುವ ಹೊತ್ತಿಗೆ ನಾಲ್ವರನ್ನು ಅವರ ತಂಡಗಳು ಬೇರೆಯವರಿಗೆ ದಾಟಿಸಿಯಾಗಿತ್ತು. 'ಬೇಕು' ಎನಿಸಿಕೊಂಡವನು ಲಾರೆನ್ಸ್ ಒಬ್ಬನೇ. ಆದ್ದರಿಂದ ಪಂಥದ ದುಡ್ಡನ್ನು ನಾಲ್ವರಲ್ಲಿ ಜಗಳಕ್ಕೆ ಬಾರದವರ ಕೈಗೆ ಕೊಟ್ಟಿಡಿ. ಸನಿವೇಲ್‌ನಲ್ಲಿ ಮೂರು ವರ್ಷ ಒಂದೇ ಆಫೀಸಿನಲ್ಲಿ ಉಳಿಯುವವರು ಯಾರೆಂದು ಅದಕ್ಕೆ ಮೊದಲು ನೋಡಿಕೊಳ್ಳಿ.